ಮೌನ ಸಂಘದ ಅಧ್ಯಕ್ಷನ ನಿದ್ದೆ

ಶಾಲೆ ಅನ್ನುವುದನ್ನು ಯಾರು ಕಂಡುಹಿಡಿದರೋ ಗೊತ್ತಿಲ್ಲ. ಯಾರೇ ಆಗಲಿ, ಅವತ್ತು ಬೆಳಿಗ್ಗೆ ಕಣ್ತುಂಬ ನಿದ್ದೆ ಮುಗಿಸಿ ಎದ್ದವನೇ ಇರಬೇಕು. ಇಲ್ಲದಿದ್ದರೆ ಬೆಳೆಯುವ ಮಕ್ಕಳನ್ನು ಹಾಸಿಗೆಯಿಂದ ಎಳೆದು ತಂದು, ಮರದ ಬೆಂಚಿನ ಮೇಲೆ ಸಾಲಾಗಿ ಕೂರಿಸಿ, ಎದುರಿಗೆ ನಿಂತು ತ್ರಿಕೋನದ ಬಗ್ಗೆ ಮಾತಾಡುವ ಯೋಚನೆ ಮನುಷ್ಯರಿಗೆ ಹೊಳೆಯುವಂಥದ್ದಲ್ಲ.

ಹತ್ತನೇ ತರಗತಿಯ ಕೊನೇ ಬೆಂಚಿನ ಜೋಂಪುವಿಗೆ ಇದರ ಬಗ್ಗೆ ಸಿಟ್ಟೇನೂ ಇರಲಿಲ್ಲ. ಸಿಟ್ಟು ಬರಬೇಕಾದರೂ ಎಚ್ಚರವಿರಬೇಕಲ್ಲ. ಹೆತ್ತವರು ಇಟ್ಟ ಹೆಸರು ಅವನಿಗೊಂದಿತ್ತು, ಆದರೆ ಅದು ಬಳಕೆಗೆ ಬರುತ್ತಿದ್ದದ್ದು ಹಾಜರಿ ಕರೆಯುವಾಗ ಮಾತ್ರ. ಆ ಹೊತ್ತಿಗೆ ಅವನು ಮಲಗಿರುತ್ತಿದ್ದ. ಪಕ್ಕದಲ್ಲಿ ಕೂತ ಲಾಯರ್ ದನಿ ಬದಲಿಸಿ "ಬಂದಿದೀನಿ ಸರ್" ಅನ್ನುತ್ತಿದ್ದ. ಈ ಲಾಯರ್ ಅನ್ನುವವನೂ ಹತ್ತನೇ ತರಗತಿಯವನೇ. ಹೋಮ್‌ವರ್ಕ್ ಯಾಕೆ ಮಾಡಿಲ್ಲ ಎಂದು ಕೇಳಿದರೆ, ಹೋಮ್‌ವರ್ಕ್ ಎಂದರೇನು ಎಂಬಲ್ಲಿಂದ ವಾದ ಶುರುಮಾಡುವವನಾದ್ದರಿಂದ ಆ ಹೆಸರು.

ಜೋಂಪುವಿನ ನಿದ್ದೆಯಲ್ಲಿ ಒಂದು ಪ್ರಾಮಾಣಿಕತೆ ಇತ್ತು ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ಬೇರೆ ಹುಡುಗರು ಪುಸ್ತಕ ಅಡ್ಡ ಇಟ್ಟುಕೊಂಡು ಕದ್ದು ಮಲಗುತ್ತಿದ್ದರು, ಇಲ್ಲವೇ ಪ್ರಶ್ನೆ ಬಂದಾಗ ನಿದ್ದೆ ಬಂದವರಂತೆ ನಾಟಕ ಮಾಡುತ್ತಿದ್ದರು. ಜೋಂಪು ಎಂದೂ ನಾಟಕ ಮಾಡಿದವನಲ್ಲ. ಮಾಡುವ ಅಗತ್ಯವೇ ಬಿದ್ದಿರಲಿಲ್ಲ. ಬೆನ್ನು ನೆಟ್ಟಗೆ, ಕೈ ತೊಡೆಯ ಮೇಲೆ, ಗಲ್ಲ ಮಟ್ಟಸ. ಕೂತಲ್ಲೇ ಮಲಗಿಬಿಡುವ ಅವನ ವಿದ್ಯೆ ಆ ಶಾಲೆಯಲ್ಲಿ ಅವನು ಸ್ವಂತವಾಗಿ ಕಲಿತದ್ದು. ಬೇರೇನನ್ನೂ ಅವನು ಅಲ್ಲಿ ಕಲಿತ ಹಾಗೆ ಕಾಣೆ.

ಮನೆಯಲ್ಲಿ ಅಮ್ಮ ಬಟ್ಟೆ ಹೊಲಿಯುತ್ತಿದ್ದಳು. ಶಾಲೆಯಿಂದ ದೂರು ಬಂದಾಗಲೆಲ್ಲ ಮಿಷನ್ನಿನ ಪೆಡಲ್ ತುಳಿತ ಜೋರಾಗುತ್ತಿತ್ತು. ಈಚೆಗೆ ಬಂದ ದೂರಿನ ದಿನ ಮಾತ್ರ ಅವಳು ಪೆಡಲ್ ನಿಲ್ಲಿಸಿಬಿಟ್ಟಳು. ಅದು ಇನ್ನೂ ಕೆಟ್ಟ ಲಕ್ಷಣ.

"ನೋಡು, ಇನ್ನೊಂದೇ ಒಂದು ದೂರು ಬರಲಿ. ಆಮೇಲೆ ನಿಂಗೆ ಶಾಲೆ ಬೇಡ, ಶಾಲೆಗೆ ನೀನು ಬೇಡ. ಸೀದಾ ನಿಮ್ಮಾವನ ಲಾಂಡ್ರಿ."

ಅಷ್ಟು ಹೇಳಿ, ಮಿಷನ್ನಿನ ಮೇಲಿದ್ದ ನೀಲಿ ಬಟ್ಟೆಯ ದಾರ ಹಲ್ಲಿನಿಂದ ಕಡಿದು ಗೋಡೆಯ ಮೊಳೆಗೆ ತೂಗುಹಾಕಿದಳು. ಅದೊಂದು ಏಪ್ರನ್ನು. ಅವನ ಅಳತೆಗಿಂತ ಸ್ವಲ್ಪ ದೊಡ್ಡದು. ಬೆಳೆಯುವ ಹುಡುಗ, ಹಲವು ವರ್ಷ ಬರಲಿ ಎಂಬ ಮುಂದಾಲೋಚನೆ.

ಜೋಂಪು ನಡುಗಿದ. ಬೀದಿಯ ಮೂಲೆಯಲ್ಲಿದ್ದ ಮಾವನ ಲಾಂಡ್ರಿಯ ಮುಂದೆ ಹಾದುಹೋದವರಿಗೆ ಅದು ಗೊತ್ತು: ಒಳಗೆ ದೊಡ್ಡ ದೊಡ್ಡ ಮಿಷನ್ನುಗಳು ಸದಾ ಗುಡುಗುತ್ತಿರುತ್ತವೆ, ಇಸ್ತ್ರಿಯ ಹಬೆ ಬುಸುಗುಡುತ್ತಿರುತ್ತದೆ, ಅವೆರಡರ ಮೇಲೆ ಮಾವ ಕೂಗುತ್ತಿರುತ್ತಾನೆ. ಅಂಥ ಕಡೆ ಮನುಷ್ಯ ಕಣ್ಣು ಮುಚ್ಚುವುದುಂಟೆ? ದೂರು ಬರಕೂಡದು. ಏನೇ ಆದರೂ ಬರಕೂಡದು.

ಸರಿಯಾಗಿ ಅದೇ ವಾರ ಶಾಲೆಯಲ್ಲಿ ಹೊಸ ಆಜ್ಞೆ ಹೊರಟಿತು. ಪ್ರತಿಯೊಬ್ಬ ವಿದ್ಯಾರ್ಥಿಯೂ ಯಾವುದಾದರೂ ಒಂದು ಸಂಘಕ್ಕೆ ಸೇರಬೇಕು. ಹಾಡುವವರಿಗೆ ಹಾಡಿನ ಸಂಘ, ಜಗಳವಾಡುವವರಿಗೆ ಚರ್ಚಾ ಸಂಘ, ಗಿಡಕ್ಕೆ ನೀರು ಹಾಕುವವರಿಗೆ ತೋಟದ ಸಂಘ. ಎಲ್ಲಿಯೂ ಸಲ್ಲದವರು ಡ್ರಿಲ್ ಮಾಸ್ಟರ ಚುರುಕು ದಳಕ್ಕೆ. ಡ್ರಿಲ್ ಮಾಸ್ಟರು ಎಂದರೆ ಕೊರಳಲ್ಲಿ ಸೀಟಿ ಕಟ್ಟಿಕೊಂಡು ಹುಟ್ಟಿದವರು. ಹೆಂಡತಿಯನ್ನೂ ಸೀಟಿ ಊದಿಯೇ ಕರೆಯುತ್ತಾರೆಂದು ವದಂತಿ. ಅವರ ದಳ ಸೂರ್ಯ ಹುಟ್ಟುವ ಮೊದಲೇ ಮೈದಾನ ಸುತ್ತಬೇಕು.

ಜೋಂಪು ಯಾವ ಸಂಘಕ್ಕೂ ಸೇರಲಿಲ್ಲ. ಸೇರಬಾರದೆಂದಲ್ಲ. ಆಜ್ಞೆ ಓದಿ ಹೇಳಿದಾಗ ಎಚ್ಚರವಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ಎಲ್ಲರೂ ಅವರವರ ಸಂಘಕ್ಕೆ ಹೋದಾಗ ಅವನು ಎಂದಿನಂತೆ ಪ್ರಯೋಗಾಲಯದ ಹಿಂದಿನ ಉಗ್ರಾಣಕ್ಕೆ ಹೋದ. ಅಲ್ಲಿ ಅರ್ಧ ಭೂಗೋಳ, ಹರಿದ ನಕ್ಷೆಗಳು, ಒಂದು ಕೈ ಕಳೆದುಕೊಂಡ ಅಸ್ಥಿಪಂಜರ ಇದ್ದವು. ಇವುಗಳ ನಡುವೆ, ಹಿಂದಿನ ಯಾವುದೋ ಹೆಡ್‌ಮಾಸ್ಟರ ಕಾಲದ ಒಂದು ಸೋಫಾ. ಅದಕ್ಕೆ ಒಂದು ಕಾಲಿರಲಿಲ್ಲ. ಆ ಜಾಗಕ್ಕೆ ದಪ್ಪ ನಿಘಂಟೊಂದನ್ನು ಕೊಟ್ಟಿದ್ದರು. ಆ ಶಾಲೆಯಲ್ಲಿ ಯಾವುದಾದರೂ ಪುಸ್ತಕದಿಂದ ಯಾರಿಗಾದರೂ ಉಪಯೋಗವಾಗಿದ್ದರೆ ಅದೊಂದೇ.

ಜೋಂಪು ಸೋಫಾದಲ್ಲಿ ಕೂತು ನಿದ್ದೆಹೋದ. ಲಾಯರ್ ಎದುರಿಗೆ ಕೂತು ಬ್ರೆಡ್ಡು ತಿನ್ನುತ್ತಿದ್ದ. ಬಾಗಿಲು ದಢಾರನೆ ತೆರೆಯಿತು.

"ಸಿಕ್ಕಿದ್ರಾ ಬಡ್ಡೀಮಕ್ಳು!" ಎಂದರು ಡ್ರಿಲ್ ಮಾಸ್ಟರು. ಅವರ ಹಿಂದೆ ಹೆಡ್‌ಮಾಸ್ಟರು. "ನೋಡಿ ಸರ್, ಕಣ್ಣಾರೆ ನೋಡಿ. ಇವತ್ತೇ ಇವನ ತಾಯಿಗೆ ಹೇಳಿಕಳಿಸ್ತೀನಿ. ಏಯ್! ಏನೋ ಮಾಡ್ತಿದೀಯ ಇಲ್ಲಿ?"

ನಿದ್ದೆಯ ತಳದಲ್ಲಿದ್ದ ಜೋಂಪುವಿಗೆ ಇದು ಬೆಳಿಗ್ಗೆ ಮನೆಯಲ್ಲಿ ಅಮ್ಮ ಎಬ್ಬಿಸುವ ಕೂಗಿನಂತೆ ಕೇಳಿಸಿತು. ಕಣ್ಣು ತೆರೆಯದೆ ಬಲಗೈ ಎತ್ತಿ, ತೋರುಬೆರಳನ್ನು ತುಟಿಯ ಮೇಲಿಟ್ಟು, ಹೆಡ್‌ಮಾಸ್ಟರ ಕಡೆಗೇ ಮುಖ ತಿರುಗಿಸಿ, "ಶ್ಶ್ಶ್" ಅಂದ.

ಹೆಡ್‌ಮಾಸ್ಟರಿಗೆ ಅವರ ಸೇವಾವಧಿಯಲ್ಲಿ ಯಾರೂ ಹಾಗೆ ಅಂದಿರಲಿಲ್ಲ. ಅವರು ಬಾಯಿ ತೆರೆದರೆ ಭಾಷಣ. ಬೆಳಗಿನ ಪ್ರಾರ್ಥನೆಗೆ ನಿಂತ ಮಕ್ಕಳು ಆ ಭಾಷಣ ಮುಗಿಯುವುದರೊಳಗೆ ಒಂದಿಷ್ಟು ಎತ್ತರ ಬೆಳೆದಿರುತ್ತಿದ್ದರು. ಅಂಥವರು ಬಾಯಿ ತೆರೆದವರು ಹಾಗೇ ನಿಂತರು. ಲಾಯರ್ ಬ್ರೆಡ್ಡಿನ ತುಣುಕು ನುಂಗಿಕೊಂಡು ಎದ್ದ.

"ಸರ್, ದಯವಿಟ್ಟು ಅವನನ್ನ ಮಾತಾಡಿಸಬೇಡಿ," ಎಂದ ಪಿಸುದನಿಯಲ್ಲಿ. "ಸಾಧನೇಲಿದಾನೆ. ಇದು ಮೌನ ಸಂಘ ಸರ್. ಅವನು ಅಧ್ಯಕ್ಷ."

"ಯಾವ ಸಂಘ?"

"ಮೌನ ಸಂಘ ಸರ್. ನೀವೇ ಹೇಳಿದ್ರಲ್ಲ ಪ್ರಾರ್ಥನೇಲಿ, ಮಾತು ಬೆಳ್ಳಿ ಮೌನ ಬಂಗಾರ ಅಂತ. ಅವತ್ತಿಂದ ಇವನಿಗೆ ಅದೇ ಧ್ಯಾನ."

ತಮ್ಮ ಭಾಷಣವನ್ನು ಒಬ್ಬ ಕೇಳಿಸಿಕೊಂಡಿದ್ದಾನೆ ಎಂಬ ಸುದ್ದಿ ಹೆಡ್‌ಮಾಸ್ಟರಿಗೆ ಹೊಸದು. ಅವರ ಕಣ್ಣು ಒದ್ದೆಯಾಯಿತು.

"ಸರ್, ಇವನು ಮಲಗಿದಾನೆ ಸರ್!" ಎಂದು ಡ್ರಿಲ್ ಮಾಸ್ಟರು ಕಿರುಚಿದರು.

"ಶ್ಶ್ಶ್," ಅಂದರು ಹೆಡ್‌ಮಾಸ್ಟರು. ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ತುದಿಗಾಲಲ್ಲಿ ಹೊರಟುಹೋದರು.

ಜೋಂಪು ಎದ್ದಾಗ ಅವನು ಅಧ್ಯಕ್ಷನಾಗಿದ್ದ. ಅನೇಕರು ಅಧ್ಯಕ್ಷರಾಗುವುದು ಹೀಗೆಯೇ.

ಡ್ರಿಲ್ ಮಾಸ್ಟರು ಅಷ್ಟಕ್ಕೇ ಬಿಡುವ ಆಸಾಮಿಯಲ್ಲ. "ಇಬ್ಬರಿದ್ರೆ ಅದು ಸಂಘ ಅಲ್ಲ, ಪಿತೂರಿ. ಮೂರನೆಯವರು ಬೇಕು," ಎಂದು ಹೊಸ ಕಾನೂನು ತೆಗೆದರು. ಮೂರನೆಯವರು ಆ ಸಂಜೆಯೇ ಬಂದರು. ಬಂದವಳು ರೇಡಿಯೊ.

ಈ ಹುಡುಗಿಯ ಬಾಯಿ ನಿಂತದ್ದನ್ನು ಕಂಡವರಿಲ್ಲ. ಹಾಡಿನ ಸಂಘದವರು ಅವಳನ್ನು ಹೊರಗೆ ಕಳಿಸಿದ್ದು ಪಲ್ಲವಿಗೂ ಚರಣಕ್ಕೂ ನಡುವೆ ಮಾತಾಡುತ್ತಾಳೆಂದು. ಚರ್ಚಾ ಸಂಘದವರು ಕಳಿಸಿದ್ದು ಎದುರು ಪಕ್ಷಕ್ಕೆ ಎಂದೂ ಸರದಿ ಬರಲಿಲ್ಲವೆಂದು. ತೋಟದ ಸಂಘದವರು ಕಾರಣ ಹೇಳಲಿಲ್ಲ. ಗಿಡಗಳು ಬಾಡಿದ್ದು ಮಾತ್ರ ನಿಜ.

"ನನ್ನನ್ನ ಸೇರಿಸ್ಕೊಳ್ಳಿ, ಇಲ್ಲಾಂದ್ರೆ ಆ ಸೀಟಿ ಮಾಸ್ಟ್ರು ಓಡಿಸಿ ಓಡಿಸಿ ಸಾಯಿಸ್ತಾರೆ, ನಾನು ಓಡ್ತಾ ಮಾತಾಡಕ್ಕಾಗಲ್ಲ ಉಸಿರು ಹಿಡ್ಕೊಳತ್ತೆ, ನಮ್ಮಕ್ಕಂಗೂ ಹಂಗೇ, ನಮ್ಮಕ್ಕ ಒಂದ್ಸಲ ಏನಾಯ್ತು ಗೊತ್ತಾ..."

"ಇಲ್ಲಿ ಒಂದು ಮಾತಾಡಿದ್ರೂ ಸಂಘದಿಂದ ಔಟು," ಎಂದ ಲಾಯರ್.

"ಅಷ್ಟೇ ತಾನೇ? ನಾನು ಸುಮ್ನಿರಕ್ಕೆ ನಿಂತ್ರೆ ನನ್ನಷ್ಟು ಸುಮ್ನಿರೋರು ಯಾರೂ ಇಲ್ಲ, ನಮ್ಮಜ್ಜಿ ಯಾವಾಗ್ಲೂ ಹೇಳೋರು..."

"ಒಳಗೆ ಬಾ."

ಹೊಸ್ತಿಲ ಆಚೆ "ಹೇಳೋರು" ಎಂದವಳು ಹೊಸ್ತಿಲ ಈಚೆ ಬಾಯಿ ಮುಚ್ಚಿದಳು. ಕರವಸ್ತ್ರದ ಮೂಲೆಯನ್ನು ಹಲ್ಲಲ್ಲಿ ಕಚ್ಚಿ ಅಸ್ಥಿಪಂಜರದ ಪಕ್ಕ ಕೂತಳು. ಜೋಂಪು ಮಲಗಿದ. ಗಂಟೆ ಹೊಡೆದಾಗ ಅವಳು ಹೊಸ್ತಿಲು ದಾಟಿ, ಅಜ್ಜಿ ಏನು ಹೇಳುತ್ತಿದ್ದರೆಂಬುದನ್ನು ನಿಂತಲ್ಲಿಂದಲೇ ಮುಂದುವರಿಸಿದಳು. ಮಾತು ನಡುವೆ ತುಂಡಾಗಿದ್ದರ ಗುರುತೇ ಇರಲಿಲ್ಲ.

ಸುದ್ದಿ ಮನೆಗೂ ಮುಟ್ಟಿತು. ಕೋಟಿನ ಗುಂಡಿ ಹಾಕಿಸಲು ಬಂದ ಹೆಡ್‌ಮಾಸ್ಟರು ಅಮ್ಮನ ಮುಂದೆ ಕೈಮುಗಿದು, "ತಾಯೀ, ನಿಮ್ಮ ಮಗ ಸಾಮಾನ್ಯನಲ್ಲ," ಎಂದು ಹೇಳಿ, ಮುಂದೆ ಭಾಷಣ ಮಾಡಹೊರಟು, ತುಟಿಯ ಮೇಲೆ ತಾವೇ ಬೆರಳಿಟ್ಟುಕೊಂಡು ಹೋದರು. ಅಮ್ಮ ಹೊಲಿಯುವುದನ್ನು ಬಿಟ್ಟು ಮಗನನ್ನೇ ನೋಡಿದಳು. ಪಕ್ಕದ ಮನೆಯಾಕೆ ಕಿಟಕಿಯಲ್ಲಿ ಕತ್ತು ಹಾಕಿದಳು.

"ಏನಂತೆ ನಿಮ್ಮ ಹುಡುಗಂದು?"

"ಮೌನವಂತೆ ಕಣ್ರೀ."

"ಈ ವಯಸ್ನಲ್ಲಿ ಮೌನ? ಯಾವುದೋ ಹುಡುಗಿ ವಿಷಯ. ನಮ್ಮ ಮೈದುನನೂ ಹೀಗೇ ಸುಮ್ಮನಾಗ್ಬಿಟ್ಟಿದ್ದ. ಆಮೇಲೆ ನೋಡಿದ್ರೆ ಮದುವೆಯಾಗಿ ಆಗ್ಲೇ ಮಗುವೂ ಇತ್ತು."

ಅಮ್ಮ ರಾತ್ರಿ ಊಟಕ್ಕೆ ಬಡಿಸುವಾಗ, "ಅವಳು ಯಾರು ಅಂತ ಹೇಳ್ಬಿಡು ಮಗಾ," ಎಂದು ಬೇಡಿಕೊಂಡಳು. ಜೋಂಪು ತಟ್ಟೆಯ ಮುಂದೆ ಬೆನ್ನು ನೆಟ್ಟಗೆ ಮಾಡಿ ಕೂತು ಮಲಗಿದ್ದ. ಉತ್ತರವಿಲ್ಲದ್ದನ್ನು ಕಂಡು ಅವಳ ಅನುಮಾನ ಗಟ್ಟಿಯಾಯಿತು. ಆದರೆ ಏಪ್ರನ್ನನ್ನು ಮಾತ್ರ ಮೊಳೆಯಿಂದ ತೆಗೆಯಲಿಲ್ಲ.

ಶಾಲೆಯ ವಾರ್ಷಿಕೋತ್ಸವ ಬಂತು. ಪ್ರತಿ ಸಂಘವೂ ವೇದಿಕೆಯ ಮೇಲೆ ಏನಾದರೂ ತೋರಿಸಬೇಕು. ಶಿಕ್ಷಣ ಇಲಾಖೆಯ ದೊಡ್ಡ ಸಾಹೇಬರು ಮುಖ್ಯ ಅತಿಥಿ. ಡ್ರಿಲ್ ಮಾಸ್ಟರು ಮೂವರನ್ನೂ ಮೈದಾನದ ಮೂಲೆಗೆ ಕರೆದರು.

"ವೇದಿಕೆ ಮೇಲೆ ನಾನೇ ತೀರ್ಪುಗಾರ. ಮೂರು ಜನದಲ್ಲಿ ಒಬ್ಬರ ಬಾಯಿಂದ ಒಂದು ಸದ್ದು ಬರಲಿ, ಸಂಘ ಮುಚ್ಚಿ ಉಗ್ರಾಣಕ್ಕೆ ಬೀಗ. ಇವರಿಬ್ಬರು ನನ್ನ ದಳಕ್ಕೆ. ನೀನು," ಎಂದು ಜೋಂಪುವಿನ ಕಡೆ ಸೀಟಿ ತೋರಿಸಿದರು, "ನಿನ್ನ ತಾಯಿಗೆ ನಾನೇ ಖುದ್ದಾಗಿ ಬಂದು ಹೇಳ್ತೀನಿ."

"ಸದ್ದು ಅಂದ್ರೆ ಏನೇನು ಸರ್? ಸೀನು, ಕೆಮ್ಮು, ಬಿಕ್ಕಳಿಕೆ?" ಎಂದು ಲಾಯರ್ ವಾದ ಹೂಡಿದ.

"ಹೊಟ್ಟೆ ಗುಡುಗುಟ್ಟಿದ್ರೂ ಸದ್ದೇ!"

ಆ ವಾರವೆಲ್ಲ ಲಾಯರ್‌ಗೆ ಊಟ ಸೇರಲಿಲ್ಲ. ರೇಡಿಯೊ ಕನ್ನಡಿ ಮುಂದೆ ನಿಂತು ಬಾಯಿ ಮುಚ್ಚುವ ಅಭ್ಯಾಸ ಮಾಡಿದಳು. ಕನ್ನಡಿಯ ಜೊತೆಗೂ ಮಾತು ಶುರುವಾಗಿ ಅಭ್ಯಾಸ ಕೆಟ್ಟಿತು. ಜೋಂಪು ಮಾತ್ರ ನಿಶ್ಚಿಂತೆಯಿಂದಿದ್ದ ಎಂದು ಎಲ್ಲರೂ ತಿಳಿದರು. ನಿಜವಾಗಿ ಅವನಿಗೆ ಒಂದು ಭಯವಿತ್ತು. ಯಾರಿಗೂ ಅದನ್ನು ಹೇಳಿರಲಿಲ್ಲ. ಅವನು ಅಪರೂಪಕ್ಕೊಮ್ಮೆ ಗೊರಕೆ ಹೊಡೆಯುತ್ತಿದ್ದ.

ವಾರ್ಷಿಕೋತ್ಸವದ ಸಂಜೆ ಸಭಾಂಗಣ ಕಿಕ್ಕಿರಿದಿತ್ತು. ಮುಂದಿನ ಸಾಲಿನಲ್ಲಿ ದೊಡ್ಡ ಸಾಹೇಬರು. ದಿನಕ್ಕೊಂದು ಶಾಲೆಯಲ್ಲಿ ಭಾಷಣ ಕೇಳಿ ಕೇಳಿ ಅವರ ಮುಖ ಒಗೆದು ಹಿಂಡಿದ ಬಟ್ಟೆಯ ಹಾಗಾಗಿತ್ತು. ಹಿಂದೆಲ್ಲೋ ಅಮ್ಮ, ಅವಳ ಪಕ್ಕ ಪಕ್ಕದ ಮನೆಯಾಕೆ. "ಹುಡುಗಿ ಯಾರು ಅಂತ ಇವತ್ತು ಗೊತ್ತಾಗತ್ತೆ," ಎಂದು ಆಕೆ ಚೆನ್ನಾಗಿ ಕಾಣುವ ಜಾಗ ಹಿಡಿದಿದ್ದಳು.

ಪರದೆ ಸರಿಯಿತು. ವೇದಿಕೆಯ ನಡುವೆ ಮೂರು ಕುರ್ಚಿ, ಮೂವರು. ಜೋಂಪುವಿನ ಕಿವಿಯ ಪಕ್ಕದಲ್ಲೇ, ಸೀಟಿಯನ್ನು ಹಲ್ಲಲ್ಲಿ ಕಚ್ಚಿಕೊಂಡ ಡ್ರಿಲ್ ಮಾಸ್ಟರು. ಇವರೆಲ್ಲರ ಹಿಂದೆ, ಹಾಡಿನ ಸಂಘದವರು ನಿಂತು ಹಾಡಿಹೋದ ಎತ್ತರದ ಹಲಗೆಯ ಮೇಲೆ, ಆನಂದದಿಂದ ಹೆಡ್‌ಮಾಸ್ಟರು ಕುರ್ಚಿ ಹಾಕಿ ಕೂತಿದ್ದರು.

ಮೌನ ಶುರುವಾಯಿತು.

ಮೊದಲು ಜನ ಕೆಮ್ಮಿದರು. ಆಮೇಲೆ ಕಾರ್ಯಕ್ರಮ ಎಲ್ಲಿ ಎಂದು ಅತ್ತಿತ್ತ ನೋಡಿದರು. ಆಮೇಲೆ ಇದೇ ಕಾರ್ಯಕ್ರಮ ಎಂದು ಅರ್ಥವಾಗಿ, ಅರ್ಥವಾಗದವರಿಗಿಂತ ತಾವು ಮೇಲೆಂದು ತೋರಿಸಿಕೊಳ್ಳಲು ಗಂಭೀರವಾದರು. ಸಭಾಂಗಣದಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಇಲ್ಲ. ದೊಡ್ಡ ಸಾಹೇಬರ ಮುಖದ ಸುಕ್ಕುಗಳು ಒಂದೊಂದಾಗಿ ಬಿಚ್ಚಿಕೊಂಡವು.

ಹೆಡ್‌ಮಾಸ್ಟರಿಗೆ ಆನಂದ ತಡೆಯಲಾಗಲಿಲ್ಲ. ಮಾತಾಡುವಂತಿಲ್ಲ, ಆದ್ದರಿಂದ ಅವರು ಆನಂದವನ್ನೆಲ್ಲ ಬೆನ್ನಿಗೆ ಕಳಿಸಿ ಕುರ್ಚಿಯನ್ನು ಹಿಂದಕ್ಕೊಮ್ಮೆ ಒತ್ತಿದರು. ಕುರ್ಚಿ ಚೂರು ಹಿಂದೆ ಸರಿಯಿತು. ಇನ್ನೊಮ್ಮೆ ಒತ್ತಿದರು. ಇನ್ನೂ ಚೂರು. ಹಿಂದಿನ ಕಾಲುಗಳು ಹಲಗೆಯ ಅಂಚಿಗೆ ಬಂದವು.

ಇದನ್ನು ಕಂಡದ್ದು ಓರೆಯಾಗಿ ಕೂತಿದ್ದ ರೇಡಿಯೊ. ಅವಳ ಬಾಯಿ ತೆರೆಯಿತು. ಮುಚ್ಚಿತು. ಕಣ್ಣು ಪಿಳಿಪಿಳಿ ಆಡಿಸಿದಳು, ಹುಬ್ಬು ಕುಣಿಸಿದಳು, ಕತ್ತು ಹಿಂದೆ ತಿರುಗಿಸಿ ಗಲ್ಲದಿಂದ ತೋರಿಸಿದಳು. ಮುಖ ಕೆಂಪಾಗಿ ಕಣ್ಣಲ್ಲಿ ನೀರು ಬಂತು.

"ಅಯ್ಯೋ, ಎಂಥ ಅಭಿನಯ," ಎಂದು ಪಕ್ಕದ ಮನೆಯಾಕೆ ಅಮ್ಮನ ಕಿವಿಯಲ್ಲಿ ಅಂದಳು. "ಇವಳೇ ಆ ಹುಡುಗಿ."

ಲಾಯರ್ ಹಿಂತಿರುಗಿ ನೋಡಿದ. ಅವನಿಗೂ ಕಂಡಿತು. ಒಂದು ಕಡೆ ಹೆಡ್‌ಮಾಸ್ಟರ ಸೊಂಟ, ಇನ್ನೊಂದು ಕಡೆ ಚುರುಕು ದಳ. ಬದುಕಿನಲ್ಲಿ ಮೊದಲ ಬಾರಿಗೆ ಅವನ ಬಳಿ ವಾದವಿರಲಿಲ್ಲ. ಇಬ್ಬರೂ ಅಧ್ಯಕ್ಷನ ಮುಖ ನೋಡಿದರು. ಅಧ್ಯಕ್ಷ ಮಲಗಿದ್ದ.

ಹೆಡ್‌ಮಾಸ್ಟರು ಮೂರನೇ ಸಲ ಆನಂದಪಟ್ಟರು.

ಕುರ್ಚಿ ಹೋಯಿತು. ಅವರ ತಲೆ ಹೋಯಿತು, ಆಮೇಲೆ ಹೊಟ್ಟೆ ಹೋಯಿತು, ಕೊನೆಗೆ ಪಾಲಿಶ್ ಮಾಡಿದ ಬೂಟುಗಳೆರಡು ಆಕಾಶಕ್ಕೆ ಏರಿ, ಸಭೆಗೆ ವಂದಿಸಿ, ಮರೆಯಾದವು. ಹಿಂದೆ ವ್ಯಾಯಾಮದ ಹಾಸಿಗೆಗಳಿದ್ದದ್ದರಿಂದ "ಧೊಪ್" ಅಂತ ಅಷ್ಟೇ ಅಂತು. ಹೆಡ್‌ಮಾಸ್ಟರು ಮಾತ್ರ ಅಯ್ಯೋ ಅನ್ನಲಿಲ್ಲ, ಅಮ್ಮಾ ಅನ್ನಲಿಲ್ಲ. ಕೊಂಚ ಹೊತ್ತಿಗೆ ಹಲಗೆಯ ಹಿಂದಿನಿಂದ ಒಂದು ಕೈ ಎದ್ದು, "ನಡೆಯಲಿ, ನಡೆಯಲಿ" ಎಂದು ಸನ್ನೆ ಮಾಡಿ ಇಳಿಯಿತು.

ಡ್ರಿಲ್ ಮಾಸ್ಟರು ಅಭ್ಯಾಸಬಲದ ಮನುಷ್ಯ. ಯಾರಾದರೂ ಬಿದ್ದರೆ ಸೀಟಿ ಊದುವುದು ಅವರ ರಕ್ತದಲ್ಲಿತ್ತು. ಊದಿದರು. ಅದೂ ಜೋಂಪುವಿನ ಕಿವಿಯೊಳಗೇ.

"ಪೀಈಈಈಈ!"

"ಶ್ಶ್ಶ್ಶ್!" ಎಂದು ಇಡೀ ಸಭಾಂಗಣ ಅವರ ಮೇಲೆ ಎರಗಿತು. ದೊಡ್ಡ ಸಾಹೇಬರು ಎದ್ದು ನಿಂತರು. ಬೆರಳು ಚಾಚಿ ಬಾಗಿಲು ತೋರಿಸಿದರು. ತೀರ್ಪುಗಾರರು ತಲೆ ತಗ್ಗಿಸಿ ಹೊರಗೆ ನಡೆದರು.

ಜೋಂಪು ಕದಲಿರಲಿಲ್ಲ. ರೆಪ್ಪೆ ಸಹ ಅಲುಗಿರಲಿಲ್ಲ. ಪುಣ್ಯಕ್ಕೆ ಗೊರಕೆಯೂ ಬಂದಿರಲಿಲ್ಲ.

"ಕಿವಿಗೆ ಸೀಟಿ ಊದಿದರೂ ಅಲುಗದ ಮನಸ್ಸು!" ಎಂದು ಪರದೆ ಬಿದ್ದ ಮೇಲೆ ದೊಡ್ಡ ಸಾಹೇಬರು ಗದ್ಗದಿತರಾದರು. "ನಾನು ಇಲಾಖೆಗೆ ಸೇರಿದ ಮೇಲೆ ಇಷ್ಟು ನೆಮ್ಮದಿಯಾಗಿ ಯಾವ ಶಾಲೆಯಲ್ಲೂ ಕೂತಿಲ್ಲ. ಇದು ಎಲ್ಲಾ ಶಾಲೆಗಳಲ್ಲೂ ಆಗಬೇಕು."

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮನೆಗೆ ಹೋದವಳೇ ಏಪ್ರನ್ನನ್ನು ಮೊಳೆಯಿಂದ ತೆಗೆದು ಪೆಟ್ಟಿಗೆಯ ತಳಕ್ಕೆ ಹಾಕಿದಳು.

ಮರುದಿನ ಹೆಡ್‌ಮಾಸ್ಟರು ಕೈಯನ್ನು ಕೊರಳಿಗೆ ಕಟ್ಟಿಕೊಂಡು ಬಂದರು. "ನೋವಾಗಲಿಲ್ವಾ ಸರ್? ಕೂಗೋದಲ್ವಾ?" ಎಂದು ಲಾಯರ್ ಕೇಳಿದ.

"ಕೂಗಿದ್ರೆ ನೀವು ನನ್ನನ್ನ ಸಂಘಕ್ಕೆ ಸೇರಿಸ್ಕೊಳ್ತಿದ್ರೇನಪ್ಪಾ?" ಎಂದು ಪಿಸುಗುಟ್ಟಿದರು.

ಇಲ್ಲಿಗೆ ಕಥೆ ಮುಗಿದಿದ್ದರೆ ಜೋಂಪು ಸುಖವಾಗಿರುತ್ತಿದ್ದ. ಆದರೆ ಹಾಳು ಮಾಡದೆ ಬಿಟ್ಟರೆ ಅದು ಶಾಲೆಯೇ ಅಲ್ಲ.

ಉಗ್ರಾಣಕ್ಕೆ ಸುಣ್ಣ ಹೊಡೆಸಿದರು. ಅಸ್ಥಿಪಂಜರಕ್ಕೆ ಕೈ ಕೊಡಿಸಿದರು. ಶಾಲೆಯ ಮುಕ್ಕಾಲು ಪಾಲು ಮಕ್ಕಳು ಸಂಘಕ್ಕೆ ಸೇರಿ ಒಬ್ಬರ ಮಂಡಿ ಇನ್ನೊಬ್ಬರ ಬೆನ್ನಿಗೆ ಒತ್ತುವಂತೆ ಕೂತರು. ಕೂತವರೆಲ್ಲ ಅಧ್ಯಕ್ಷ ಹೇಗೆ ಕೂರುತ್ತಾನೆಂದು ಕಣ್ಣು ಬಿಟ್ಟು ಅವನನ್ನೇ ನೋಡುತ್ತಿದ್ದರು. ಅಷ್ಟು ಕಣ್ಣುಗಳೆದುರು ದೇವರಿಗೂ ನಿದ್ದೆ ಬರಲಿಕ್ಕಿಲ್ಲ. ಸೋಫಾವನ್ನು ಹೆಡ್‌ಮಾಸ್ಟರ ಕೋಣೆಗೆ ಸಾಗಿಸಿ, ಮುಂದೆ ಹಗ್ಗ ಕಟ್ಟಿ, ಯಾರೂ ಕೂರಬಾರದೆಂದು ಬೋರ್ಡು ಹಾಕಿದರು.

ಇದಕ್ಕಿಂತ ಘೋರವಾದದ್ದು ದೊಡ್ಡ ಸಾಹೇಬರ ಆಜ್ಞೆ. ಮೌನದ ಮಹಿಮೆಯನ್ನು ಕುರಿತು ಅಧ್ಯಕ್ಷ ಶಾಲೆ ಶಾಲೆಗೂ ಹೋಗಿ ಭಾಷಣ ಮಾಡಬೇಕು! ಭಾಷಣ ಬರೆದುಕೊಡುವವಳು ರೇಡಿಯೊ. ಅವಳು ಬರೆದದ್ದು ಅವಳು ಮಾತಾಡಿದ ಹಾಗೇ ಇತ್ತು. ನಿಲ್ಲಿಸುವ ಜಾಗವೇ ಇರಲಿಲ್ಲ. ಮುಂಜಾನೆ ಕತ್ತಲಲ್ಲೇ ಜೀಪು ಬಂದು ಮನೆ ಮುಂದೆ ನಿಲ್ಲುತ್ತಿತ್ತು. ಚುರುಕು ದಳದವರು ಇನ್ನೂ ಹಾಸಿಗೆಯಲ್ಲಿರುವ ಹೊತ್ತಿಗೇ ಅದನ್ನು ಹತ್ತಿದ ಜೋಂಪು, ಪ್ರಾರ್ಥನೆಯ ವೇಳೆಗೆ ಯಾವುದೋ ಶಾಲೆಯ ಮೈಕಿನ ಮುಂದೆ ನಿಂತು, "ಮಾತು ಕಡಿಮೆ ಮಾಡಿ," ಎಂದು ಗಂಟಲು ಹರಿದುಕೊಳ್ಳುತ್ತಿದ್ದ. ಕಣ್ಣು ಕೆಂಪಾಯಿತು. ಕೆನ್ನೆ ಇಳಿಯಿತು. "ತಪಸ್ಸಿನ ತೇಜಸ್ಸು," ಎಂದರು ಹೆಡ್‌ಮಾಸ್ಟರು.

ಒಂದು ದಿನ ಅವನು ಡ್ರಿಲ್ ಮಾಸ್ಟರನ್ನು ಹುಡುಕಿಕೊಂಡು ಹೋದ.

"ಸರ್, ನನ್ನ ಮೇಲೆ ಒಂದು ದೂರು ಕೊಡಿ. ಅಮ್ಮನ ಹತ್ರ ಹೇಳಿ. ಕಾಲಿಗೆ ಬೀಳ್ತೀನಿ."

ಡ್ರಿಲ್ ಮಾಸ್ಟರ ಕೊರಳಲ್ಲಿ ಸೀಟಿ ಇರಲಿಲ್ಲ. ಅವರು ಈಗ ಸಂಘದ ಕಾರ್ಯದರ್ಶಿ. ಹೆಂಡತಿ ಮೊದಲ ಸಲ ಅವರನ್ನು ನೋಡಿ ನಕ್ಕಿದ್ದಳಂತೆ.

"ನಿನ್ನ ಮೇಲೆ ದೂರು ಹೇಳಿದ್ರೆ ಈ ನಾಲಿಗೆ ಬಿದ್ದುಹೋಗಲಿ," ಎಂದು ಪಿಸುದನಿಯಲ್ಲಿ ಹೇಳಿ, ಅವರೇ ಅವನ ಕಾಲಿಗೆ ಬಗ್ಗಿದರು.

ಜೋಂಪು ಅಲ್ಲಿಂದ ಓಡಿದ. ಮೈದಾನವನ್ನು ಅವನು ಓಡಿ ದಾಟಿದ್ದು ಅದೇ ಮೊದಲು. ಮನೆಗೆ ಹೋಗಿ, ಪೆಟ್ಟಿಗೆಯ ತಳ ಕೆದಕಿ, ಏಪ್ರನ್ನು ತೊಟ್ಟುಕೊಂಡು, ಬೀದಿಯ ಮೂಲೆಗೆ ನಡೆದ.

"ಏನೋ ಇದು ಅವತಾರ?" ಎಂದು ಮಾವ ಮಿಷನ್ನುಗಳ ಮೇಲೆ ಕೂಗಿದ. "ನೀನೇನೋ ದೊಡ್ಡ ಮನುಷ್ಯ ಆದೆ ಅಂತ ಅಕ್ಕ ಬೀದಿಗೆಲ್ಲ ಸಾರಿದಾಳೆ!"

"ಕೆಲಸ ಕೊಡು ಮಾವ."

"ಇಲ್ಲಿ ವಿಪರೀತ ಗದ್ದಲ ಕಣೋ! ನಿನ್ನಂಥ ಮೌನಿಗಳಿಗೆ ಆಗಿಬರಲ್ಲ!"

ಅಷ್ಟರಲ್ಲಾಗಲೇ ಒಗೆದು ಒಣಗಿಸಿದ ಹೊದಿಕೆಗಳ ಬೆಚ್ಚನೆ ಗುಡ್ಡೆಗೆ ಜೋಂಪು ಒರಗಿದ್ದ. ಮಿಷನ್ನುಗಳು ಗುಡುಗುತ್ತಿದ್ದವು, ಒಂದೇ ಸಮನೆ, ತೊಟ್ಟಿಲು ತೂಗಿದ ಹಾಗೆ. ಇಷ್ಟು ದಿನ ಇದಕ್ಕಾ ನಾನು ಹೆದರಿದ್ದು ಎಂದುಕೊಳ್ಳುವುದಕ್ಕೂ ಮೊದಲೇ ನಿದ್ದೆ ಬಂತು. ಮಾವ ತಲೆ ಕೊಡವಿ, ಗುಡ್ಡೆಯಿಂದ ಒಂದು ಹೊದಿಕೆ ಎಳೆದು ಅವನಿಗೆ ಹೊದಿಸಿದ.

ಎಷ್ಟು ಹೊತ್ತು ಮಲಗಿದ್ದನೋ, ಮಿಷನ್ನು ಒಂದು ಸುತ್ತು ಮುಗಿಸಿ ನಿಂತಾಗ ಎಚ್ಚರವಾಯಿತು. ಗಿರಾಕಿಗಳು ಬಟ್ಟೆ ಇಡುವ ಕಟ್ಟೆಯ ಆಚೆ, ತೊಳೆಯಲು ಕೋಟು ತಂದ ಹೆಡ್‌ಮಾಸ್ಟರು ನಿಂತಿದ್ದರು. ಕಟ್ಟಿದ ಕೈಯನ್ನೂ ಕಟ್ಟದ ಕೈಯನ್ನೂ ಹೇಗೋ ಜೋಡಿಸಿ ಮುಗಿದಿದ್ದರು.

"ಇಷ್ಟು ಗದ್ದಲದ ನಡುವೆ ಮೌನ! ಇದು ಮುಂದಿನ ಮೆಟ್ಟಿಲು," ಎಂದು ಅವರು ಮಾವನಿಗೆ ಪಿಸುಗುಟ್ಟಿದರು. "ಮುಂದಿನ ಶುಕ್ರವಾರದಿಂದ ನಮ್ಮ ಸಂಘ ಇಲ್ಲೇ ಸೇರತ್ತೆ."

"ಕೂರೋಕೆ ಜಾಗ ಎಲ್ಲಿದೆ ಸಾರ್?"

"ಅವನ ಸುತ್ತ."

ಅಷ್ಟರಲ್ಲಿ ಬೀದಿಯ ಕಡೆಯಿಂದ, "ಸರ್, ಅಧ್ಯಕ್ಷರು ಸಿಕ್ಕಿದ್ರಾ, ನಾಳೆ ಭಾಷಣ ಇನ್ನೂ ಒಂದು ಸ್ವಲ್ಪ ಉದ್ದ ಮಾಡಿದೀನಿ, ನಮ್ಮಕ್ಕ ಓದಿ ಏನಂದ್ಳು ಗೊತ್ತಾ..." ಎಂಬ ದನಿ ಹತ್ತಿರ ಹತ್ತಿರ ಬಂದು, ಲಾಂಡ್ರಿಯ ಹೊಸ್ತಿಲಲ್ಲಿ ತಟ್ಟನೆ ನಿಂತಿತು.

ಜೋಂಪುವಿಗೆ ಈಗ ಸಂಪೂರ್ಣ ಎಚ್ಚರವಿತ್ತು. ಅವನು ಕಣ್ಣು ಬಿಗಿಯಾಗಿ ಮುಚ್ಚಿಕೊಂಡ. ಬಾಯಿ ಒಂಚೂರು ತೆರೆದ. ಜೀವನದಲ್ಲಿ ಮೊದಲನೇ ಸಲ ನಿದ್ದೆ ಬಂದವನಂತೆ ನಾಟಕ ಮಾಡಿದ.

ಅಷ್ಟೇನೂ ಚೆನ್ನಾಗಿ ಮಾಡಲಿಲ್ಲ. ರೆಪ್ಪೆ ಅದುರುತ್ತಿತ್ತು. ಆದರೆ ನೋಡುತ್ತಿದ್ದವರು ಶಾಲೆಯವರು, ನಂಬಿದರು.